ಮೂಸಾಕ ಕಟ್ಟಿದ ಆರು ಮೂಲೆಗಳು

ಕುಂಬ್ರದ ಜಂಕ್ಷನ್ನಿನಿಂದ ಸುಳ್ಯದ ಕಡೆಗೆ ಸ್ವಲ್ಪ ದೂರ ಹೋದರೆ ರಸ್ತೆಯ ಎಡಕ್ಕೆ ಮೂಸಕುಂಞಿಯವರ ಶೆಡ್ಡು ಇತ್ತು. ಖಾಸಗಿ ಬಸ್ಸುಗಳಿಗೆ ಬಾಡಿ ಕಟ್ಟುವುದು, ಗುದ್ದಿಸಿಕೊಂಡು ಬಂದವನ್ನು ಸರಿಪಡಿಸುವುದು ಅವರ ಕೆಲಸ. ಊರಿಗೆಲ್ಲ ಅವರು ಮೂಸಾಕ. ನಾನು, ಸಂಕಪ್ಪ, ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದೆ. ಶಾಲೆ ಬಿಟ್ಟ ಮೇಲೆ ಅವರ ಶೆಡ್ಡಿನ ಬೆಂಚಿನಲ್ಲಿ ಕೂತು ಒಂದು ಚಹಾ ಕುಡಿಯದೆ ಮನೆಗೆ ಹೋದ ದಿನ ಕಡಿಮೆ. ಬರೆಯುತ್ತಿರುವುದು ಅವರ ಕತೆ. ಆದರೆ ಇದರಲ್ಲಿ ನನ್ನ ಪಾಲಿನ ಹೊಲಸೂ ಇದೆ, ಅದನ್ನು ಬಿಟ್ಟು ಹೇಳಲು ಬರುವುದಿಲ್ಲ.

ಮೂಸಾಕನಿಗೆ ಹೇಸಿಗೆ ಬೇಗ ಆಗುತ್ತಿತ್ತು. ಗ್ರೀಸು, ಮಸಿ, ಬಸ್ಸಿನ ಸೀಟಿನಡಿ ಒಣಗಿದ ವಾಂತಿ, ಇವುಗಳಿಂದ ಅಲ್ಲ. ಅವರಿಗೆ ಹೇಸಿಗೆ ಎಂದರೆ ಪುಟ್ಟಿ. ತಗ್ಗಾದ ತಗಡನ್ನು ಬಡಿದು ಸಮ ಮಾಡದೆ ಮೇಲಿಂದ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕೆಲಸ ಕಂಡರೆ, ಹಳಸಿದ ಸಾರಿನ ಮುಚ್ಚಳ ತೆರೆದವರ ಹಾಗೆ ಮುಖ ತಿರುಗಿಸುತ್ತಿದ್ದರು. ಎಪ್ಪತ್ತಾರರಲ್ಲಿ ಒಬ್ಬ ಬಸ್ಸಿನ ಧಣಿ ಚಾಸಿಸ್ಸಿನ ಬಿರುಕಿಗೆ ತಗಡು ಹೊದೆಸಿ ಕೊಡಲು ಹೇಳಿದ. ಮೂಸಾಕ ಬಸ್ಸನ್ನು ಶೆಡ್ಡಿನಿಂದ ಹೊರಗೆ ತಳ್ಳಿಸಿದರು. ಧಣಿ ಬೇರೆ ಕಡೆ ಹೊದೆಸಿಕೊಂಡ. ಎರಡು ತಿಂಗಳಲ್ಲಿ ಆ ಬಸ್ಸು ತಿರುವಿನಲ್ಲಿ ಕುಸಿದು ಕೂತು ಒಬ್ಬ ಹೆಂಗಸಿನ ಕಾಲು ಮುರಿಯಿತು. ತನ್ನ ತಪ್ಪೇನೂ ಇಲ್ಲದಿದ್ದರೂ ಮೂಸಾಕ ಪುತ್ತೂರಿನ ಆಸ್ಪತ್ರೆಗೆ ಹೋಗಿ ಆಕೆಯನ್ನು ನೋಡಿ ಬಂದರು. ಬಿರುಕು ತಿಳಿದೂ ಯಾರಿಗೂ ಹೇಳದೆ ಇದ್ದೆನಲ್ಲ ಎಂದು ಬಹಳ ದಿನ ಅವರಿಗೆ ಊಟ ಸೇರಲಿಲ್ಲ.

ಎಂಬತ್ತನಾಲ್ಕರ ಆಗಸ್ಟಿನಲ್ಲಿ ಅವರ ಶೆಡ್ಡಿನ ಎದುರು ಒಂದು ಸರಕಾರಿ ಜೀಪು ನಿಂತಿತು. ದೊಡ್ಡ ಸಂಶೋಧನಾ ಸಂಸ್ಥೆಯೊಂದರ ಅಧಿಕಾರಿ ಶ್ಯಾಮ ರಾವ್ ಮತ್ತು ಅವರ ಕೈಕೆಳಗೆ ಹೊಸದಾಗಿ ಸೇರಿದ್ದ ದೇವಕಿ ಇಳಿದರು. ದೇವಕಿಯ ತಾಯಿಮನೆ ಅಜ್ಜಾವರ. ತಗಡಿನ ಕೆಲಸಕ್ಕೆ ಮೂಸಾಕನೇ ಆಗಬೇಕೆಂದು ವಿಚಾರಿಸಿಕೊಂಡು ಬಂದವಳು ಅವಳು.

ಅವರಿಗೆ ಬೇಕಾದದ್ದು ಆರು ಮೂಲೆಗಳು. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಕೂಡುವ ಹಾಗೆ, ಆರಾರು ಅಡಿಯ ಮೂರು ಅಲ್ಯುಮಿನಿಯಂ ತಗಡುಗಳು ಒಂದಕ್ಕೊಂದು ಸರಿಯಾಗಿ ತೊಂಬತ್ತು ಡಿಗ್ರಿಯಲ್ಲಿ ಕೂಡಬೇಕು. ಅಕ್ಟೋಬರಿನಲ್ಲಿ ಹೊರದೇಶದ ಒಂದು ಗಗನನೌಕೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ, ಅದರಲ್ಲಿ ಒಂದು ರಾಡಾರ್ ಇರುತ್ತದೆ, ಅದು ಮೋಡದ ಒಳಗಿಂದಲೂ ನೆಲ ಕಾಡು ಗದ್ದೆಗಳ ಚಿತ್ರ ತೆಗೆಯುತ್ತದೆ ಎಂದು ದೇವಕಿ ವಿವರಿಸಿದಳು. ಮೇಲಿಂದ ಕಳಿಸಿದ ಅಲೆ ಕೆಳಗೆ ಬಡಿದು ಎಷ್ಟು ವಾಪಸು ಬಂತು ಎಂಬುದೇ ಅದರ ಲೆಕ್ಕ. ಆದರೆ ಆ ಲೆಕ್ಕ ಸರಿ ಎಂದು ತಿಳಿಯುವುದು ಹೇಗೆ ಎಂದು ಮೂಸಾಕ ಕೇಳಿದರು.

ದೇವಕಿಗೆ ಆ ಪ್ರಶ್ನೆ ಖುಷಿಯಾಯಿತು. "ಅಂಗಡಿಯ ತಕ್ಕಡಿ ಸರಿ ಉಂಟಾ ಅಂತ ನೋಡ್ಲಿಕ್ಕೆ ಮುದ್ರೆ ಒತ್ತಿದ ತೂಕದ ಬಟ್ಟು ಇಟ್ಟು ತೂಗುದಿಲ್ವಾ ಮೂಸಾಕ? ಹಾಗೆಯೇ ಇದು. ಈ ಮೂಲೆ ಎಷ್ಟು ಅಲೆ ವಾಪಸು ಕಳಿಸ್ತದೆ ಅಂತ ನಮಗೆ ಮೊದಲೇ ಗೊತ್ತುಂಟು. ರಾಡಾರು ಅಷ್ಟೇ ಹೇಳಿದರೆ ರಾಡಾರು ಸರಿ. ಕಡಿಮೆ ಹೇಳಿದರೆ ಎಷ್ಟು ಕಡಿಮೆಯೋ ಅಷ್ಟು ತಿದ್ದುದು."

"ಹಾಗಾದ್ರೆ ಮೂಲೆಯೇ ಸೊಟ್ಟ ಇದ್ದರೆ?" ಎಂದರು ಮೂಸಾಕ.

"ಸರಿ ಇರುವ ರಾಡಾರನ್ನು ನಾವು ಕೆಡಿಸಿದ ಹಾಗೆ."

ಆ ಮಾತು ಮೂಸಾಕನಿಗೆ ನಾಟಿತು. ಐದು ವಾರ ಅವರು ಬೇರೆ ಕೆಲಸ ಮುಟ್ಟಲಿಲ್ಲ. ತಗಡಿನ ಒಳಮೈಯಲ್ಲಿ ಒಂದು ರಿವೆಟ್ಟಿನ ತಲೆಯೂ ಏಳಬಾರದೆಂದು ಪ್ರತಿಯೊಂದನ್ನೂ ತಟ್ಟಿ ಕೂರಿಸಿದರು. ಮಳೆನೀರು ಇಳಿಯಲು ತುದಿಯಲ್ಲಿ ತೂತು ಇಟ್ಟರು. ನಾನು ನನ್ನ ಶಾಲೆಯ ಕೋನಮಾಪಕ ಬಿಟ್ಟು ದೇವಕಿ ಕೊಟ್ಟ ನಿಖರವಾದ ಉಪಕರಣದಿಂದ ಅಳೆದೆ. ಅರ್ಧ ಡಿಗ್ರಿ ತಪ್ಪಿದರೂ ಬಿಚ್ಚಿ ಮತ್ತೆ ಕಟ್ಟಿದರು. ಕೊನೆಗೆ ಆರರಲ್ಲಿ ಯಾವುದೂ ಕಾಲು ಡಿಗ್ರಿಗಿಂತ ಹೆಚ್ಚು ಆಚೀಚೆ ಇರಲಿಲ್ಲ. ಶ್ಯಾಮ ರಾವ್ ನನ್ನನ್ನು ಸ್ಥಳೀಯ ವೀಕ್ಷಕ ಎಂದು ನೇಮಿಸಿದರು. ಪ್ರತಿ ಮೂಲೆಯ ಕೋನ ಬರೆದ ಹಾಳೆಗೆ ವೀಕ್ಷಕನೂ ತಯಾರಕನೂ ಸಹಿ ಹಾಕಬೇಕಿತ್ತು. ಸಂಸ್ಥೆಯ ಹೆಸರಿದ್ದ ಕಾಗದದಲ್ಲಿ ನನ್ನ ಹೆಸರು ಟೈಪಾಗಿ ಬಂದಾಗ ನಾನು ಸ್ವಲ್ಪ ಉಬ್ಬಿದ್ದೆ.

ಎರಡು ಮೂಲೆಗಳನ್ನು ಕುಂಬ್ರದ ಒಂದು ಮೈದಾನದಲ್ಲಿ, ಎರಡನ್ನು ಅಜ್ಜಾವರದಲ್ಲಿ, ಎರಡನ್ನು ಕಡಬದ ಕೊಯ್ದ ಗದ್ದೆಯಲ್ಲಿ ಇಟ್ಟೆವು. ನೌಕೆ ಹಾಯುವ ದಿನ ದೇವಕಿ ಅಜ್ಜಾವರಕ್ಕೆ ಹೋದಳು. ಶ್ಯಾಮ ರಾವ್, ಮೂಸಾಕ, ನಾನು ಬೆಳಿಗ್ಗೆ ಎಂಟಕ್ಕೆ ಕಡಬ ತಲುಪಿದೆವು. ಹಾಯುವ ಹೊತ್ತು ಹತ್ತೂ ಹದಿನೇಳು.

ಮೊದಲನೆಯ ಮೂಲೆಯ ಹತ್ತಿರ ಹೋಗುವಾಗಲೇ ನಾತ ಬಡಿಯಿತು. ಹೊಳೆಯುವ ಆ ತಗಡಿನ ತೊಟ್ಟಿ ಯಾರಿಗೋ ಕಸ ಸುರಿಯಲು ಅನುಕೂಲ ಕಂಡಿತ್ತು. ಕೊಳೆತ ಬೂತಾಯಿ ಮೀನಿನ ತಲೆ, ಕರುಳು, ಅದರ ಮೇಲೆ ಬಿಳಿ ಹುಳ. ಎರಡೂ ಬದಿಗೆ ಉದ್ದಕ್ಕೆ ಇಳಿದ ಎಲೆಅಡಿಕೆಯ ಉಗುಳು. ನೀರಿನ ತೂತು ಕಟ್ಟಿಕೊಂಡು ಅಡಿಯಲ್ಲಿ ಮಡುಗಟ್ಟಿದ ಕಪ್ಪು ರಸ. ಶ್ಯಾಮ ರಾವ್ ಕರವಸ್ತ್ರವನ್ನು ಮೂಗಿಗೆ ಒತ್ತಿ ಜೀಪಿನ ಕಡೆಗೆ ನಡೆದರು. ನಾನು ಬದುವಿನ ಮೇಲೆ ಕೂತು ಕಾರಿಕೊಂಡೆ. ಮೂಸಾಕ ಲುಂಗಿ ಮೇಲೆ ಕಟ್ಟಿ, ಕೈಯಿಂದಲೇ ಎಲ್ಲ ಬಾಚಿ ತೆಗೆದು, ತೋಡಿನಿಂದ ನೀರು ಹೊತ್ತು ತಂದು, ಹತ್ತಿರದ ಮನೆಯಿಂದ ಬೂದಿ ಕೇಳಿ ತಂದು ಉಜ್ಜಿದರು. ತಗಡು ಮೊದಲಿನ ಹಾಗೆ ಹೊಳೆಯಿತು. ಮುಗಿಯುವಾಗ ಒಂಬತ್ತು ಕಾಲು.

ಅಷ್ಟರಲ್ಲಿ ಎರಡನೆಯದರ ಕಡೆಯಿಂದ ತಗಡು ಮುದುಡಿದ ಸದ್ದು ಬಂತು. ನಮ್ಮ ಜೀಪಿನ ಡ್ರೈವರು ಗದ್ದೆಯಲ್ಲೇ ಜೀಪು ತಿರುಗಿಸಲು ಹೋಗಿ ಹಿಂಬದಿಯಿಂದ ಅದಕ್ಕೆ ಗುದ್ದಿದ್ದ. ಒಂದು ಬದಿ ಒಳಗೆ ಬಾಗಿತ್ತು. ನಾನು ಅಳೆದೆ. ಎಂಬತ್ತನಾಲ್ಕು ಡಿಗ್ರಿ.

ಅದನ್ನು ಬಡಿದು ಸರಿಮಾಡುವ ಮರದ ಕೊಡತಿ, ಕೆಳಗೆ ಆನಿಸುವ ಅಡಿಗಟ್ಟೆ ಎಲ್ಲ ಕುಂಬ್ರದಲ್ಲಿ. ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಇದನ್ನು ರಾಡಾರಿಗೆ ಕಾಣದ ಹಾಗೆ ಬೋರಲು ಮಲಗಿಸಿಬಿಡುವ, ಐದು ಮೂಲೆ ಸಾಕಲ್ಲವೇ ಎಂದು ಮೂಸಾಕ ಕೇಳಿದರು. ಶ್ಯಾಮ ರಾವ್ ಒಪ್ಪಲಿಲ್ಲ. ಆರು ಎಂದು ಮೇಲಿನವರಿಗೆ ಬರೆದು ಆಗಿದೆ, ಆರು ಇರಬೇಕು, ಸ್ವಲ್ಪ ಬಾಗಿದ್ದು ಅಷ್ಟು ಎತ್ತರದಿಂದ ಯಾರಿಗೆ ಕಾಣುತ್ತದೆ ಎಂದರು. ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು, ಕೋನದ ಜಾಗದಲ್ಲಿ ತೊಂಬತ್ತು ಎಂದು ಬರೆದು ಪೆನ್ನು ನನಗೆ ಚಾಚಿದರು.

ನಾನು ಸಹಿ ಹಾಕಿದೆ. ಯಾರೂ ಹೆದರಿಸಿರಲಿಲ್ಲ, ಒತ್ತಾಯವೂ ಇರಲಿಲ್ಲ. ದೊಡ್ಡ ಮನುಷ್ಯ ಪೆನ್ನು ಚಾಚಿದ, ನನ್ನ ಕೈ ಮುಂದೆ ಹೋಯಿತು, ಅಷ್ಟೇ.

ಪೆನ್ನು ಮೂಸಾಕನ ಕಡೆಗೆ ಹೋಯಿತು. ಅವರು ಮುಟ್ಟಲಿಲ್ಲ. "ಎಷ್ಟು ಉಂಟೋ ಅಷ್ಟು ಬರೀರಿ ಸಾರ್. ಎಂಬತ್ತನಾಲ್ಕು ಅಂತ ಬರೆದ್ರೆ ಈಗಲೇ ಹಾಕ್ತೇನೆ."

"ನಿಮಗೆ ಇದೆಲ್ಲ ಅರ್ಥ ಆಗುವುದಿಲ್ಲ" ಎಂದರು ಶ್ಯಾಮ ರಾವ್.

ಮೂಸಾಕ ತನ್ನ ಅಂಗೈ ನೋಡಿಕೊಂಡರು. ಉಗುರಿನ ಸಂದಿನಲ್ಲಿ ಇನ್ನೂ ಮೀನಿನ ಕಪ್ಪು ಇತ್ತು. "ಇದು ಬೂದಿ ಹಾಕಿದ್ರೆ ಹೋಗ್ತದೆ" ಎಂದಷ್ಟೇ ಹೇಳಿ ತೋಡಿನ ಕಡೆಗೆ ಇಳಿದರು. ತಯಾರಕನ ಸಹಿ ಇಲ್ಲದೆಯೇ ಶ್ಯಾಮ ರಾವ್ ಹಾಳೆಯನ್ನು ಮಡಚಿ ಇಟ್ಟುಕೊಂಡರು.

ಹತ್ತೂ ಹದಿನೇಳಕ್ಕೆ ಎಲ್ಲರೂ ಮೇಲೆ ನೋಡಿದೆವು. ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಒಂದು ನಿಮಿಷ ಬಿಟ್ಟು ಶ್ಯಾಮ ರಾವ್ ಎಲ್ಲರ ಕೈಕುಲುಕಿದರು. ಮೂಸಾಕ ಜೀಪು ಹತ್ತಲಿಲ್ಲ, ಬಸ್ಸಿನಲ್ಲಿ ಬಂದರು. ಮುಂದಿನ ವಾರ ತಾವೇ ಲಾರಿ ಗೊತ್ತು ಮಾಡಿ ಆ ಬಾಗಿದ ಮೂಲೆಯನ್ನು ಶೆಡ್ಡಿಗೆ ತಂದು, ಬಡಿಯದೆ ಹಾಗೆಯೇ ಗೋಡೆಗೆ ಒರಗಿಸಿಟ್ಟರು. ನನಗೆ ಚಹಾ ಕೊಡುವುದನ್ನು ನಿಲ್ಲಿಸಲಿಲ್ಲ. ಆದರೆ ನನ್ನೊಡನೆ ಮಾತಾಡುವಾಗ ಮುಖ ನೋಡುವುದನ್ನು ಬಿಟ್ಟರು. ಕೆಲವು ದಿನಗಳಲ್ಲಿ ನಾನೇ ಹೋಗುವುದನ್ನು ನಿಲ್ಲಿಸಿದೆ.

ಎಂಬತ್ತಾರರ ಬೇಸಗೆಯಲ್ಲಿ ದೇವಕಿ ಒಬ್ಬಳೇ ಬಂದಳು. ಮೊದಲು ನನ್ನ ಮನೆಗೆ. ಅವಳು ಹೇಳಿದ್ದು ಇಷ್ಟು: ಆರು ಮೂಲೆಗಳಲ್ಲಿ ಐದರ ಚುಕ್ಕೆಗಳು ಚಿತ್ರದಲ್ಲಿ ಬೆಳ್ಳಗೆ ಬಂದಿವೆ, ಕಡಬದ್ದೊಂದು ಮಂಕಾಗಿದೆ. ಆರೂ ಸರಿ ಇತ್ತೆಂದು ಹಾಳೆ ಹೇಳುವುದರಿಂದ ರಾಡಾರಿನದೇ ತಪ್ಪೆಂದು, ಆರರ ಸರಾಸರಿ ಹಿಡಿದು ಇಡೀ ಚಿತ್ರದ ಲೆಕ್ಕ ತಿದ್ದಿದ್ದಾರೆ. ಆ ತಿದ್ದಿದ ಲೆಕ್ಕ ನೆಲದ ತೇವಕ್ಕೂ ಹೊಂದುವುದಿಲ್ಲ, ಕಾಡಿಗೂ ಹೊಂದುವುದಿಲ್ಲ. ಒಂದೂವರೆ ವರ್ಷದಿಂದ ತಲೆಕೆಡಿಸಿಕೊಂಡಿದ್ದೇನೆ, ಆ ದಿನ ಅಲ್ಲಿ ಏನಾದರೂ ಆಗಿತ್ತೇ ಎಂದು ಕೇಳಿದಳು.

ನೆನಪಿಲ್ಲ ಎಂದೆ. ಹಾಗೆ ಹೇಳುವಾಗ ನನ್ನ ಬಾಯಲ್ಲಿ ಆ ಗದ್ದೆಯ ವಾಂತಿಯ ಹುಳಿ ಬಂದದ್ದು ಈಗಲೂ ನೆನಪಿದೆ.

ಅವಳು ಅಲ್ಲಿಂದ ಶೆಡ್ಡಿಗೆ ಹೋದಳು. ಮೂಸಾಕ ಏನೂ ವಿವರಿಸಲಿಲ್ಲವಂತೆ. ಗೋಡೆಗೆ ಒರಗಿದ್ದನ್ನು ಮುಂದೆ ಎಳೆದು, "ಅಳೆದು ನೋಡಿ ಅಕ್ಕ" ಎಂದರಂತೆ. ಎಂಬತ್ತನಾಲ್ಕು. ಆಮೇಲೆ ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನನ್ನ ಹೆಸರು ಬಂದಾಗ ಮಾತ್ರ, ಮಾಸ್ಟ್ರನ್ನೇ ಕೇಳಿ ಎಂದರು. ಸಂಜೆ ಅವಳು ಮತ್ತೆ ಬಂದು ನನ್ನ ಜಗಲಿಯಲ್ಲಿ ಕೂತಳು. ನಾನು ಒಳಗಿನಿಂದ ಕಾಗದ ತಂದು ನಡೆದದ್ದನ್ನು ನಡೆದ ಹಾಗೆ ಬರೆದು ಸಹಿ ಹಾಕಿದೆ. ಅವಳು ಓದಿ, ಮಡಚಿ, ಧನ್ಯವಾದ ಹೇಳದೆ ಎದ್ದಳು. ಅದು ಸರಿಯೇ.

ಆರನೆಯದನ್ನು ತೆಗೆದು ಹಾಕಿದ ಮೇಲೆ ಲೆಕ್ಕ ಕೂಡಿ ಬಂತು. ರಾಡಾರು ಮೊದಲಿನಿಂದಲೂ ಸರಿಯೇ ಇತ್ತು. ಆದರೆ ಮರುವರ್ಷ ಅಚ್ಚಾದ ವರದಿಯನ್ನು ಹಿಡಿದು ದೇವಕಿ ಬಂದು ನನ್ನ ಮುಂದಿಟ್ಟಳು. ಆಗ ಶ್ಯಾಮ ರಾವ್ ಇನ್ನೂ ಮೇಲಿನ ಹುದ್ದೆಗೆ ಏರಿ ದೆಹಲಿಯಲ್ಲಿದ್ದರು. ವರದಿಯ ಮೇಲೆ ಮೊದಲ ಹೆಸರು ಅವರದ್ದು. ಒಳಗೆ ಒಂದು ಸಾಲು: ಸ್ಥಳೀಯ ತಯಾರಿಕೆಯ ದೋಷದಿಂದಾಗಿ ಒಂದು ಮೂಲೆಯನ್ನು ಕೈಬಿಡಲಾಗಿದೆ.

ಅದನ್ನು ಮೂಸಾಕನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಮೇಲೆ ಬಿತ್ತು. ಮೂರು ವರ್ಷಗಳ ನಂತರ ಆ ಬೆಂಚಿನ ಮೇಲೆ ಕೂತೆ. ಹೇಳಿದೆ. ಅವರು ಸಿಟ್ಟಾಗಲಿಲ್ಲ. ಹೊರಗೆ ಹೋಗಿ ರಸ್ತೆಯ ಬದಿಗೆ ಉಗುಳಿ ಬಂದರು. ಕಟ್ಟಿದವನ ತಪ್ಪು ಅಂತ ಬರೆದಿದ್ದಾರಾ ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಸಂಸ್ಥೆಗೆ ನಾನು ರಿಜಿಸ್ಟರ್ಡ್ ಅಂಚೆಯಲ್ಲಿ ಎರಡು ಪತ್ರ ಕಳಿಸಿದೆ. ಉತ್ತರ ಬರಲಿಲ್ಲ. ಅದಾದ ಮೇಲೆ ಸರಕಾರಿ ಗಾಡಿ ರಿಪೇರಿಗೆ ಬಂದರೆ ಮೂಸಾಕ, ಇಲ್ಲಿ ಆಗುದಿಲ್ಲ, ಪುತ್ತೂರಿಗೆ ಹೋಗಿ ಎಂದು ಕಳಿಸುತ್ತಿದ್ದರು.

ದೇವಕಿ ಬಿಡಲಿಲ್ಲ. ಎಂಬತ್ತೊಂಬತ್ತರಲ್ಲಿ, ಆ ಸಂಸ್ಥೆ ಬಿಟ್ಟು ಕಾಲೇಜೊಂದಕ್ಕೆ ಸೇರಿದ ಮೇಲೆ, ತನ್ನದೇ ಹೆಸರಿನಲ್ಲಿ ಒಂದು ಲೇಖನ ಅಚ್ಚು ಹಾಕಿಸಿ ಪ್ರತಿ ಕಳಿಸಿದಳು. ನಾನು ಶೆಡ್ಡಿಗೆ ಹೋಗಿ ಸಾಲು ಸಾಲಾಗಿ ಅರ್ಥ ಹೇಳಿದೆ. ಆರು ಮೂಲೆಗಳನ್ನು ಕುಂಬ್ರದ ಮೂಸಕುಂಞಿ ಕಟ್ಟಿದರು, ಎಲ್ಲದರ ಕೋನ ಕಾಲು ಡಿಗ್ರಿಯೊಳಗೆ ಸರಿಯಿತ್ತು, ಅಳತೆಯ ದಿನ ವಾಹನವೊಂದು ತಗುಲಿ ಒಂದು ಬಾಗಿತು, ಅದನ್ನು ಹಾಳೆಯಲ್ಲಿ ತಪ್ಪಾಗಿ ದಾಖಲಿಸಲಾಯಿತು.

ಮೂಸಾಕ ಕೈಯಲ್ಲಿದ್ದ ಕೊಡತಿ ಕೆಳಗಿಟ್ಟು ಕೇಳಿದರು. ತನ್ನ ಹೆಸರಿರುವ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿದರು. ನೋಡಿದರು. ನನ್ನ ಮುಖವನ್ನೂ ನೋಡಿದರು, ಬಹಳ ಕಾಲದ ಮೇಲೆ.

"ದೇವಕಿಯಕ್ಕ ಒಳ್ಳೆದು ಬರೆದಿದ್ದಾರೆ" ಎಂದರು. "ಆದ್ರೆ ಜೀಪು ಯಾರದ್ದು ಅಂತ ಬರೀಲಿಲ್ಲ ಮಾಸ್ಟ್ರೆ. ಸುಳ್ಳು ಬರೆದದ್ದು ಯಾರು ಅಂತಲೂ ಇಲ್ಲ."

ಇಲ್ಲ ಎಂದೆ. ಅವರು ಕೊಡತಿ ಎತ್ತಿಕೊಂಡರು.