ವೈನಿ ತೆರೆದು ನೋಡಿದ ಪುಟ

"ಬೀಡಿ ಕಟ್ಟಾಕಿ ಮಗಳ ಡಿಗ್ರಿ ಮಾಡಿ ಆಫೀಸಿನ್ಯಾಗ ಕುಂಡ್ರತಾಳ? ಆಗೂ ಮಾತಲ್ಲ ಬಿಡ್ರಿ" ಅಂದವನು ಮಂಗಸೂಳಿ ಊರಿನ ನನ್ನ ಸೋದರಮಾವ. ನಿಪ್ಪಾಣಿಯ ಮನೆಯಿಂದ ಚಿಕ್ಕೋಡಿಗೆ ಬಸ್ಸಿನಲ್ಲಿ ನಿಂತೇ ಓಡಾಡಿ ಬಿ.ಸಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಅದು ಮೊದಲ ಪದವಿ. ಚಿಕ್ಕೋಡಿಯ ಒಂದು ಖಾಸಗಿ ದವಾಖಾನೆಯ ವೆಬ್‌ಸೈಟ್ ನೋಡಿಕೊಳ್ಳಲು ಒಂದು ವರ್ಷದ ಟ್ರೇನಿಂಗ್ ಮೇಲೆ ಸೇರಿಕೊಂಡೆ.

ಯಾವ ಪುಟವನ್ನು ಎಷ್ಟು ಜನ ನೋಡುತ್ತಾರೆ ಅನ್ನುವುದು ದವಾಖಾನೆ ನಡೆಸುವ ಡಾಕ್ಟರಿಗೆ ಬೇಕಿತ್ತು. ಜಾಹೀರಾತು ಕಂಪನಿಯೊಂದು ಪುಕ್ಕಟೆ ಕೊಡುವ ಎಣಿಕೆಯ ಕೋಡನ್ನು ಎಲ್ಲ ಪುಟಗಳಿಗೂ ಹಾಕಿದೆ. ಪುಕ್ಕಟೆ ಯಾಕೆ ಅಂತ ಕೇಳಲಿಲ್ಲ. ಗ್ರಾಫ್ ಏರಿದ್ದು ತೋರಿಸಿ ಶಾಬಾಸ್ ಅನ್ನಿಸಿಕೊಂಡೆ.

ಹಗಲು ನಮ್ಮ ಮನೆಯಲ್ಲಿ ಉಳಿಯುವ ಫೋನ್ ಒಂದೇ. ಟಿವಿ ಮುಂದೆ ಇರುತ್ತದೆ, ಬಂದವರೂ ಎತ್ತಿಕೊಳ್ಳುತ್ತಾರೆ. ಒಂದು ಭಾನುವಾರ ಮಾವ ಬಂದು ಅದರಲ್ಲಿ ದ್ರಾಕ್ಷಿ ದರ ನೋಡುತ್ತಿದ್ದವನು ನಡುವೆ ಬಂದ ಜಾಹೀರಾತನ್ನು ಜೋರಾಗಿ ಓದಿದ: "ಮಕ್ಕಳಾಗದವರಿಗೆ ಚಿಕಿತ್ಸೆ! ಎಲ್ಲಿ ಒತ್ತಿದ್ರೂ ಇದ ಬರಾಕತ್ತೈತಲ್ಲ. ಯಾರ ಹುಡಿಕ್ಯಾರಲೇ ಮನ್ಯಾಗ?"

ಅಣ್ಣ ತಲೆ ತಗ್ಗಿಸಿದ. ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ, ನನ್ನ ವೈನಿ, ಕೈ ನಿಲ್ಲಿಸಿದಳು.

ಆಮೇಲೆ ಹಿತ್ತಲಲ್ಲಿ ನನ್ನ ತೋಳು ಹಿಡಿದಳು. "ನಿಮ್ಮ ದವಾಖಾನಿದ ಪುಟ ಒಂದ ನೋಡಿದ್ನಿ ಬೇ. ನೋಡಿ ಅಳಿಸಿದ್ನಿ. ಆದ್ರೂ ಹೆಂಗ ಹೊರಗ ಬಿತ್ತ?"

ಹೊರಗೆ ಹಾಕಿದವಳು ನಾನೇ. ಆ ಫೋನಿನಲ್ಲಿ ಯಾವ ಪುಟ ತೆರೆದರೆಂದು ಕಂಪನಿಗೆ ಕಳಿಸಿದ್ದು ನನ್ನ ಕೋಡು. ಅದನ್ನು ಹಿಡಿದೇ ಕಂಪನಿ ಆ ಫೋನಿಗೆ ಅದೇ ಜಾಹೀರಾತು ತೋರಿಸುತ್ತಿತ್ತು. ಸೋಮವಾರ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಇನ್ನೆಷ್ಟು ಮನೆಗಳಲ್ಲಿ ಯಾರ ಮಾವ ಏನು ಓದುತ್ತಿದ್ದಾನೋ?

ಆ ಕೋಡು ತೆಗೆಯಬೇಕು ಅಂದಾಗ, "ಎಲ್ಲಾರೂ ಹಾಕ್ತಾರವಾ" ಅಂದರು ಡಾಕ್ಟರು.

"ಯಾರಿಗೆ ಏನ್ ಬ್ಯಾನಿ ಅಂತ ಗೇಟಿಗೆ ಬರದ ಹಾಕ್ತೀವೇನ್ರಿ ಸರ?"

ಡಾಕ್ಟರು ಪರದೆಯ ಮೇಲಿದ್ದ ಗ್ರಾಫ್ ಮುಚ್ಚಿದರು. "ತಗಿ ಹಂಗಾರ."

ಅಂದೇ ತೆಗೆದೆ. ನಮ್ಮದೇ ಸರ್ವರಿನಲ್ಲಿ ಬರೀ ತಲೆ ಎಣಿಸುವ ಹಾಗೆ ಮಾಡಿದೆ. ಯಾರು, ಯಾವ ರೋಗದ ಪುಟ ಅನ್ನುವುದು ಈಗ ಹೊರಗೆ ಹೋಗುವುದಿಲ್ಲ. ಮೊದಲು ಹೋದದ್ದನ್ನು ಮಾತ್ರ ವಾಪಸ್ ತರಲಾಗಲಿಲ್ಲ. ತಪ್ಪು ನನ್ನದೆಂದು ವೈನಿಗೆ ಹೇಳಿದೆ. ಆಕೆ ಆ ಫೋನನ್ನು ಟಿವಿ ಮುಂದೆ ಬೋರಲಾಗಿ ಇಟ್ಟು ಒಳಗೆ ಹೋದಳು.

ಟ್ರೇನಿಂಗ್ ಮುಗಿದ ದಿನ ಡಾಕ್ಟರು ಸರ್ಟಿಫಿಕೇಟ್ ಕೊಟ್ಟು, ನೌಕರಿ ಕಾಯಂ ಅಂದರು. ಮನೆಗೆ ತಂದು ಅದನ್ನು ಮೊದಲು ವೈನಿಯ ಕೈಗೆ ಕೊಟ್ಟೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅಂಚಿನಲ್ಲಿ ಹಿಡಿದಳು.

"ಛಲೋ ಆತ" ಅಂದಳು. "ಫೋನಿನ್ಯಾಗ ನಾ ಇನ್ನ ಏನೂ ನೋಡೂದಿಲ್ಲ. ಬುಧವಾರ ನಿನ್ನ ಸಂಗಾಟ ದವಾಖಾನಿಗೆ ಬರ್ತೀನಿ. ಯಾರರ ಕೇಳಿದ್ರ, ಹಲ್ಲ ತೋರ್ಸಾಕ ಅಂತ ಹೇಳ."