ಮಗ್ಗದ ಗುಂಡಿಯ ಪಾದುಕೆ

ಹೋದ ತಿಂಗಳು ಎದುರುಮನೆಯ ನಡುಮನೆಗೆ ಟೈಲ್ಸ್ ಹಾಕಿಸಲು ಮಗ್ಗದ ಗುಂಡಿಯನ್ನು ಮುಚ್ಚಿದರು. ಮಣ್ಣು ಸುರಿಯುವ ಮೊದಲು ಕೆಲಸದವನೊಬ್ಬ ಒಳಗಿಳಿದು, ಎರಡು ಮರದ ತುಂಡುಗಳನ್ನು ಮೇಲಕ್ಕೆ ಎಸೆದ. "ಅಕ್ಕೋ, ಸೌದೆಗೆ ಬೇಕಾ ಇವು?" ಎಂದ. ನಾನು ಹೊಸ್ತಿಲ ಬಳಿ ಸುಮ್ಮನೆ ನೋಡುತ್ತ ನಿಂತಿದ್ದವಳು, ಸಣ್ಣ ಹುಡುಗಿಯಂತೆ ಓಡಿಹೋಗಿ ಎರಡನ್ನೂ ಎತ್ತಿಕೊಂಡೆ. ಮೂಗಿಗೆ ಹಿಡಿದೆ. ಒದ್ದೆ ಮಣ್ಣಿನ ವಾಸನೆಯ ಹಿಂದೆ, ಸಣ್ಣಗೆ, ಹರಳೆಣ್ಣೆ...

ಅತ್ತೆಮ್ಮನ ಹಿಮ್ಮಡಿ ಸದಾ ಒಡೆದಿರುತ್ತಿತ್ತು. ಬೆಳಿಗ್ಗೆ ಹರಳೆಣ್ಣೆ ಸವರಿಕೊಂಡೇ ಮಗ್ಗಕ್ಕೆ ಕೂರುತ್ತಿದ್ದರು. ಆ ಎಣ್ಣೆಯನ್ನು ಮರ ಅಷ್ಟು ವರ್ಷ ಕುಡಿದಿದೆ.

ಅತ್ತೆಮ್ಮ ಎಂದರೆ ನೆಂಟಸ್ತಿಕೆಯ ಅತ್ತೆಯಲ್ಲ. ಎದುರುಮನೆಯವರು, ಅಷ್ಟೆ. ಮಾತು ಬಂದಾಗಿನಿಂದ ಅವರನ್ನು ಅತ್ತೆಮ್ಮ, ಅವರ ಗಂಡನನ್ನು ಮಾವ ಎಂದು ಕರೆದು ಅಭ್ಯಾಸ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಆಗ ಮನೆಗೊಂದು ರೇಷ್ಮೆ ಮಗ್ಗ. ನೆಲದಲ್ಲಿ ಗುಂಡಿ ತೋಡಿರುತ್ತಾರೆ. ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಕೆಳಗಿರುವ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ತುಳಿದರೆ ಮೇಲೆ ಎಳೆಗಳು ಬಾಯಿ ಬಿಡುತ್ತವೆ, ಅಡ್ಡ ನೂಲು ಹೊತ್ತ ಲಾಳಿ ಅದರೊಳಗೆ ತೂರಿ ಓಡುತ್ತದೆ. ಕಾಲು ಹಲಗೆಗೆ ಎಟುಕದಿದ್ದರೆ ಏನೂ ಆಗುವುದಿಲ್ಲ. ಗುಂಡಿ ತೋಡುವುದು ಯಾವಾಗಲೂ ಗಂಡಸಿನ ಕಾಲಿನ ಅಳತೆಗೆ. ಮಾವನದು ಉದ್ದ ಕಾಲು. ಅತ್ತೆಮ್ಮನೋ, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಎಟುಕದೆ ನನ್ನನ್ನು ಕೂಗುತ್ತಿದ್ದ ಹೆಂಗಸು.

ಅತ್ತೆಮ್ಮ ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಮಾವನ ಮಂಡಿ ಹಿಡಿದುಕೊಂಡಿತು. ಆಗ ಅತ್ತೆಮ್ಮ ಹಲಸಿನ ಮರದ ಎರಡು ತುಂಡುಗಳನ್ನು ಆ ಹಲಗೆಗಳ ಮೇಲೆ ಹಗ್ಗದಿಂದ ಬಿಗಿದು, ಎತ್ತರ ಮಾಡಿಕೊಂಡು, ತಾವೇ ನೇಯಲು ಕೂತರು. ತುಳಿದು ತುಳಿದು ಆ ತುಂಡುಗಳಲ್ಲಿ ಪಾದದ ಗುಳಿ ಬಿದ್ದಿತ್ತು. ಬೀದಿಯ ಮಕ್ಕಳೆಲ್ಲ ಅದನ್ನು "ಅತ್ತೆಮ್ಮನ ಪಾದುಕೆ" ಎನ್ನುತ್ತಿದ್ದೆವು. ಗುಂಡಿಯೊಳಗೆ ಇಣುಕಿ ಕೈ ಮುಗಿದು ಬೈಸಿಕೊಳ್ಳುವುದು ನಮ್ಮ ಆಟ.

ಮಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅತ್ತೆಮ್ಮ ಎಲ್ಲಿದ್ದರೂ ನನ್ನ ಕಿವಿ ಹಿಂಡುತ್ತಾರೆ. ಶುಕ್ರವಾರ ತಪ್ಪದೆ ಮಲ್ಲಿಗೆ ತರುತ್ತಿದ್ದರು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಊರ ಸುದ್ದಿಯನ್ನೆಲ್ಲ ಹೊತ್ತು ತಂದು, ಮಗ್ಗದ ಪಕ್ಕ ಕೂತು, ಒಂದೂ ಬಿಡದೆ ಹೆಂಡತಿಗೆ ಹೇಳುತ್ತಿದ್ದರು. ನೇಯ್ದ ಸೀರೆಯನ್ನು ನೇಕಾರರ ಸಂಘಕ್ಕೆ ಕೊಂಡೊಯ್ಯುವವರೂ ಅವರೇ. ಅಲ್ಲಿ ಯಾರಾದರೂ "ನಿಮ್ ಕೈಲಿ ಬಂದಂಗೆ ಅಂಚು ಯಾರ್ ಕೈಲೂ ಬರಲ್ಲ" ಎಂದರೆ ತಲೆ ಬಾಗಿಸಿ ನಗುತ್ತಿದ್ದರಂತೆ. ಮನೆಗೆ ಬಂದು ಆ ಹೊಗಳಿಕೆಯನ್ನು ಹಾಗೆಯೇ ಹೆಂಡತಿಗೆ ಒಪ್ಪಿಸುತ್ತಿದ್ದರು. ಅತ್ತೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನೇಯ್ದದ್ದು ಹೆಂಡತಿ ಎಂದು ಸಂಘದಲ್ಲೇ ಹೇಳಬಹುದಿತ್ತಲ್ಲ ಎಂದು ಅವರಿಬ್ಬರಿಗೂ ಹೊಳೆದಂತೆ ಕಾಣಲಿಲ್ಲ. ನಮಗಾದರೂ ಎಲ್ಲಿ ಹೊಳೆದಿತ್ತು?

ಹೊರಗಿನವರು ಯಾರಾದರೂ ಬಂದರೆ ಅತ್ತೆಮ್ಮ ತಟಕ್ಕನೆ ಎದ್ದು ಒಳಗೆ ಹೋಗುವರು, ಮಾವ ಮಗ್ಗಕ್ಕೆ ಕೂರುವರು. ಪಾದುಕೆಯ ಮೇಲೆ ಕಾಲಿಟ್ಟರೆ ಅವರ ಮಂಡಿ ಎದೆಗೆ ಬರುತ್ತಿತ್ತು. ಪಂಚೆ ಎಳೆದು ಮುಚ್ಚಿಕೊಂಡು ಗಂಭೀರವಾಗಿ ಕೂತಿರುತ್ತಿದ್ದ ಅವರನ್ನು ನೋಡಿ ನಾನು ಕಂಬದ ಹಿಂದೆ ಬಿದ್ದು ಬಿದ್ದು ನಕ್ಕಿದ್ದೇನೆ. ಮಾವ ನೇಯುತ್ತಿದ್ದ ಕಾಲದಲ್ಲಿ ಬರಿ ನೇಯುತ್ತಿದ್ದರಂತೆ. ಅತ್ತೆಮ್ಮ ನೇಯುವಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಮಗಳ ಜಡೆ ಅರ್ಧ ಹೆಣೆದಿರುತ್ತಿತ್ತು, ಮಾವನ ಕಾಫಿ ಲೋಟ ಕೈಗೆಟುಕುವಲ್ಲಿ ಇರುತ್ತಿತ್ತು. ಒಂದು ಮಧ್ಯಾಹ್ನಕ್ಕೆ ಎಷ್ಟು ಸಲ ಗುಂಡಿಯಿಂದ ಎದ್ದು ಮತ್ತೆ ಇಳಿಯುತ್ತಿದ್ದರೋ...

ನಾನು ಪಿಯುಸಿ ಓದುತ್ತಿದ್ದ ವರ್ಷ, ಸಂಘದವರೊಬ್ಬರು ಬೀದಿಯ ನೇಕಾರರ ಪಟ್ಟಿ ಮಾಡಲು ಬಂದರು. ಅವರು ಕನ್ನಡಕ ಮರೆತು ಬಂದಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದ್ದರಿಂದ ರಿಜಿಸ್ಟರು ನನ್ನ ಕೈಗೆ ಬಂತು. ನನಗೋ ಜಂಬವೇ ಜಂಬ. ಮನೆಮನೆಗೆ ಹೋಗಿ ಆಫೀಸರ ಥರ ಪ್ರಶ್ನೆ ಕೇಳಿದೆ. ಮಾವನ ಹೆಸರಿನ ಮುಂದೆ "ನೇಕಾರ" ಎಂದು ಬರೆದೆ. ಆಮೇಲೆ ಅತ್ತೆಮ್ಮನ ಕಡೆ ತಿರುಗಿ, "ನಿಮ್ದು ಏನ್ ಕೆಲ್ಸ ಅಂತ ಬರೀಲಿ ಅತ್ತೆಮ್ಮಾ?" ಎಂದೆ.

"ನಂದೇನ್ ಕೆಲ್ಸ ಕೂಸೇ? ಬೇಯುಸ್ತೀನಿ, ಬಳೀತೀನಿ. ಮಗ್ಗುದ್ ಮೇಲೆ ಸುಮ್ನೆ ಒಸಿ ಕೈಯಾಡುಸ್ತೀನಿ. ನೇಯೋರು ನಿಮ್ಮಾವ" ಎಂದರು.

ಹಾಗೆನ್ನುವಾಗ ಅವರು ಮಗ್ಗದಲ್ಲೇ ಕೂತಿದ್ದರು. ಕಾಲು ಪಾದುಕೆಯ ಮೇಲಿತ್ತು. ಒಗ್ಗರಣೆಗೆ ಕೈಯಾಡಿಸಿದೆ ಎನ್ನುವಷ್ಟು ಹಗುರವಾಗಿ ಅವರು ಅದನ್ನು ಹೇಳಿದರು, ನಾನು ಅಷ್ಟೇ ಹಗುರವಾಗಿ ಕೇಳಿಸಿಕೊಂಡೆ. ಕಣ್ಣೆದುರು ಆರು ಗಜದ ಸೀರೆ ಬೆಳೆಯುತ್ತಿತ್ತು. ನಾನು ನನ್ನ ಚೆಂದದ ಅಕ್ಷರದಲ್ಲಿ "ಮನೆಗೆಲಸ" ಎಂದು ಬರೆದು, ಕೆಳಗೆ ಗೆರೆ ಎಳೆದು, ಮುಂದಿನ ಮನೆಗೆ ಹೋದೆ.

ಅದಾಗಿ ಎಂಟೊಂಬತ್ತು ವರ್ಷಕ್ಕೆ ಮಾವ ತೀರಿಕೊಂಡರು. ಆ ಹೊತ್ತಿಗೆ ನಾನು ಯಳಂದೂರಿನ ಕಡೆ ಒಂದು ಶಾಲೆಯಲ್ಲಿ ಟೀಚರಾಗಿದ್ದೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಸಂಜೆ ಬಂದಾಗ ಎದುರುಮನೆ ಜಗುಲಿಯಲ್ಲಿ ಅತ್ತೆಮ್ಮ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಕೈ ಸುಮ್ಮನಿದ್ದುದನ್ನು ನಾನು ಅದೇ ಮೊದಲು ನೋಡಿದ್ದು. ಸಂಘದಿಂದ ರೇಷ್ಮೆ ನೂಲು ಕೊಡುವುದು ನೇಕಾರ ಎಂದು ಕಾರ್ಡ್ ಇದ್ದವರಿಗೆ ಮಾತ್ರ. ಕಾರ್ಡ್ ಮಾವನದು, ಅದು ಅವರ ಜೊತೆಗೇ ಮುಗಿಯಿತು. ಮಗಳನ್ನು ಹನೂರಿನ ಕಡೆ ಬಂಡಳ್ಳಿಗೆ ಕೊಟ್ಟಿದ್ದರು. ಆಕೆ ಬಂದು "ಮಗ್ಗ ಬಿಚ್ಚಾಕ್ಬುಟ್ಟು ನಮ್ಮೂರ್ಗೆ ಬಂದ್ಬುಡವ್ವ" ಎಂದು ದಿನವೂ ಅಳುತ್ತಿದ್ದಳು.

"ಅಲ್ ಓಗಿ ಏನ್ ಮಾಡ್ಲಿ ಕೂಸೇ? ಅಳಿಯನ್ ಮನೇಲಿ ಊಟದ್ ಒತ್ಗೆ ಕಾಯ್ಕಂಡ್ ಕೂರ್ಲಾ?" ಎಂದರು ಅತ್ತೆಮ್ಮ. "ಇನ್ನರ್ದ ಸೀರೆ ಮಗ್ಗುದ್ ಮೇಲೆ ಅದೆ. ಅದ್ ಮುಗುದ್ರೆ ನಾನೂ ಮುಗ್ದಂಗೆ."

ಮಾರನೆಯ ಶನಿವಾರ ಇಬ್ಬರೂ ಸಂಘಕ್ಕೆ ಹೋದೆವು. ನನಗೆ ಮೂಗಿನ ತುದಿಯಲ್ಲೇ ಕೋಪ, ಹೋದವಳೇ ಜೋರು ಮಾಡಿದೆ. ಇಡೀ ಬೀದಿಗೆ ಗೊತ್ತು ಇವರೇ ನೇಯೋದು, ನಿಮಗೆ ಮಾತ್ರ ಗೊತ್ತಿಲ್ಲವಾ ಎಂದೆ. ಗುಮಾಸ್ತರು ಸಮಾಧಾನವಾಗಿ ಹಳೆಯ ರಿಜಿಸ್ಟರು ತೆಗೆದು ನನ್ನ ಕಡೆಗೇ ತಿರುಗಿಸಿದರು. "ನೋಡಿ ಮೇಡಂ, ಮನೆಗೆಲ್ಸ ಅಂತ ಬರ್ದದೆ. ನಾವೇನ್ ಮಾಡನ?"

ದುಂಡಗಿನ ಅಕ್ಷರ. ಕೆಳಗೊಂದು ಗೆರೆ...

ಅತ್ತೆಮ್ಮ ನಾಲ್ಕನೇ ಕ್ಲಾಸು ಓದಿದವರು. ಕೂಡಿಸಿಕೊಂಡು ಓದುತ್ತಿದ್ದರು, ನನ್ನ ಅಕ್ಷರವನ್ನು ಚಿಕ್ಕಂದಿನಿಂದ ಬಲ್ಲರು. ಆ ಪುಟವನ್ನು ಬಹಳ ಹೊತ್ತು ನೋಡಿದರು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ತನಕ ನಡೆದೆವು. ಅವರೇ ನನ್ನ ತೋಳು ಹಿಡಿದು, "ಆಗ್ಲೇ ಎಷ್ಟ್ ಚೆಂದಾಗ್ ಬರೀತಿದ್ದೆ ಕಣ್ ಕೂಸೇ ನೀನು" ಎಂದರು. ಬೈದಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ.

ಅರ್ಜಿ ಬರೆದೆ. ಎರಡು ಸಲ ವಾಪಸ್ ಬಂತು, ಮೂರನೇ ಸಲ ಬರೆದೆ. ಕೆಲಸ ಏನು ಎಂಬ ಜಾಗವನ್ನು ಮಾತ್ರ ಖಾಲಿ ಬಿಟ್ಟೆ. ಅಲ್ಲಿ ಬರೆಯುವ ಧೈರ್ಯ ನನ್ನ ಕೈಗೆ ಇರಲಿಲ್ಲ. ಕೊನೆಗೆ ಆಫೀಸರೊಬ್ಬರು ಮನೆಗೇ ಬಂದು ನೋಡುತ್ತಾರೆ, ನೇಯ್ದು ತೋರಿಸಿದರೆ ಕಾರ್ಡ್ ಕೊಡುತ್ತಾರೆ ಎಂದು ಸಂಘದವರು ಹೇಳಿ ಕಳಿಸಿದರು.

ಆ ದಿನ ನಾನು ರಜೆ ಹಾಕಿದೆ. ಅತ್ತೆಮ್ಮ ನಡುಮನೆ ಸಾರಿಸಿ, ಮುಗಿಸದೆ ಉಳಿಸಿಕೊಂಡಿದ್ದ ಅರ್ಧ ಸೀರೆಯ ಮಗ್ಗ ಒರೆಸಿ, ಅರಿಶಿನ ಕುಂಕುಮ ಇಟ್ಟಿದ್ದರು. ಆಫೀಸರು ಎತ್ತರದ ಹುಡುಗ, ಬಾಗಿಲಿಗೆ ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಜೊತೆಗೆ ಅದೇ ಗುಮಾಸ್ತರು. "ನೇಯಿರಿ ಅಮ್ಮ, ನೋಡೋಣ" ಎಂದರು ಆಫೀಸರು.

ಅತ್ತೆಮ್ಮ ಕೂತರು. ಕಾಲು ಇಳಿಬಿಟ್ಟರು. ಏನೂ ಆಗಲಿಲ್ಲ. ಮುಂದಕ್ಕೆ ಜರುಗಿದರು, ಬೆರಳ ತುದಿಯಲ್ಲಿ ತಡಕಾಡಿದರು. ಎಳೆಗಳು ಬಾಯಿ ಬಿಡಲಿಲ್ಲ. ಅವರ ಹಣೆಯಲ್ಲಿ ಬೆವರು ಕಂಡಿತು. ನನಗೆ ಏನೆಂದು ತಿಳಿಯಲಿಲ್ಲ. ಗುಮಾಸ್ತರು "ನಾನ್ ಯೋಳಿದ್ನಲ್ಲ ಸಾ" ಎಂದರು. ಆಫೀಸರು ಪಾಪ, "ಇರಲಿ ಬಿಡಿ ಅಮ್ಮ, ಪರವಾಗಿಲ್ಲ" ಎಂದು ಪೆನ್ನು ತೆಗೆದರು. ಆ ಒಳ್ಳೆಯತನಕ್ಕೇ ನಾನು ಹೆಚ್ಚು ಹೆದರಿದ್ದು. ಅವರು ಬರೆದುಬಿಟ್ಟರೆ ಮಗ್ಗ ಬಿಚ್ಚುವುದೇ, ಬಂಡಳ್ಳಿಯ ಬಸ್ಸೇ.

ಓಡಿಹೋಗಿ ಗುಂಡಿಗೆ ಇಣುಕಿದೆ. ಕೆಳಗೆ ಬರಿಯ ಹಲಗೆ ಎರಡು.

"ಅತ್ತೆಮ್ಮಾ, ಪಾದುಕೆ ಎಲ್ಲಿ?"

ಅವರು ತಲೆ ಎತ್ತಲಿಲ್ಲ. "ಸಿಲಿಂಡರ್ ಇಂದೆ ಮಡಗಿವ್ನಿ" ಎಂದರು, ನನಗೆ ಮಾತ್ರ ಕೇಳುವಂತೆ. "ಕಲಿಯೋ ಐಕ್ಳು ಮಗ್ಗ ಇದ್ದಂಗೆ ಕಾಣ್ತದೆ, ಆಪೀಸ್ರು ನಗ್ತರೆ ಅಂತ ಬಿಚ್ಚುಟ್ಟೆ ಕಣ್ ಕೂಸೇ."

ಅಷ್ಟು ವರ್ಷ ನೇಯ್ದ ಹೆಂಗಸು, ತಾವು ನೇಕಾರರಂತೆ ಕಾಣಬೇಕೆಂದು ತಮ್ಮ ಕಾಲನ್ನೇ ಬಿಚ್ಚಿಟ್ಟಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡುಗೆಮನೆಯಿಂದ ಪಾದುಕೆ ತಂದು, ಶಾಲೆಯ ಸಮಾರಂಭಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟಿದ್ದವಳು ಹಾಗೆಯೇ ಗುಂಡಿಗೆ ಇಳಿದೆ. ಅವರ ಪಾದದ ಹತ್ತಿರ ಮಂಡಿಯೂರಿ ಹಗ್ಗ ಬಿಗಿದೆ. ಮೊದಲ ಗಂಟು ಜಾರಿತು. ಮೇಲೆ ಆಫೀಸರು ಬಾಗಿಲ ಕಡೆ ನಡೆಯುವ ಸದ್ದು ಕೇಳುತ್ತಿತ್ತು. ಇನ್ನೊಂದು ಗಂಟು ಹಾಕಿ, "ಈಗ ತುಳೀರಿ" ಎಂದೆ.

ಟಕ್... ಟಕ್. ಆಮೇಲೆ ನಿಲ್ಲಲೇ ಇಲ್ಲ.

ಗುಂಡಿಯಲ್ಲಿ ಕೂತು ನಾನು ಅವರ ಕಾಲು ನೋಡಿದೆ. ಚಿಕ್ಕ ಪಾದಗಳು, ಒಡೆದ ಹಿಮ್ಮಡಿ, ಎರಡೂ ತಮ್ಮ ತಮ್ಮ ಗುಳಿಯಲ್ಲಿ ಸರಿಯಾಗಿ ಕೂತಿದ್ದವು. ಬಾಗಿಲಿಂದ ಆಫೀಸರು ಸಾಕು ಅಮ್ಮ ಎಂದರೂ ಅತ್ತೆಮ್ಮ ನಿಲ್ಲಿಸಲಿಲ್ಲ. ಆಫೀಸರು ವಾಪಸ್ ಬಂದು, ನೆಲಕ್ಕೆ ಕೈಯೂರಿ ಬಗ್ಗಿ, ಆ ಗುಳಿಗಳನ್ನು ನೋಡಿದರು. "ಇದು ಎಷ್ಟು ವರ್ಷದ್ದಮ್ಮ?" ಎಂದು ಕೇಳಿದರು.

"ನನ್ ಮಗ್ಳುಗಿಂತ ದೊಡ್ಡುದು ಸಾ."

ಆಫೀಸರು ಅರ್ಜಿ ತಿರುವಿ, ಇಲ್ಲೊಂದು ಜಾಗ ಖಾಲಿ ಇದೆಯಲ್ಲ, ಏನು ಕೆಲಸ ಅಂತ ಬರೀಬೇಕು ಎಂದರು. ಅತ್ತೆಮ್ಮ "ಸುಮ್ನೆ..." ಎಂದು ಶುರು ಮಾಡಿದವರು ನನ್ನ ಮುಖ ನೋಡಿದರು. ಲಾಳಿಯನ್ನು ಪಕ್ಕಕ್ಕಿಟ್ಟರು.

"ನೇಯ್ತೀನಿ ಸಾ" ಎಂದರು.

ನಾನು ಗುಂಡಿಯೊಳಗಿನಿಂದಲೇ ಕೈ ಚಾಚಿ ಪೆನ್ನು ಕೇಳಿ, ಖಾಲಿ ಜಾಗದಲ್ಲಿ "ನೇಕಾರಳು" ಎಂದು ಬರೆದೆ. ಮಣ್ಣಾದ ಹೆಬ್ಬೆರಳಿನ ಗುರುತು ಕಾಗದದ ಮೇಲೆ ಬಿತ್ತು, ಅಕ್ಷರ ಸೊಟ್ಟಗೆ ಬಂತು. ಅತ್ತೆಮ್ಮ ಬಗ್ಗಿ ನೋಡಿ, "ಈ ಸಲ ಯಾಕೋ ಚೆಂದಾಗ್ ಬರಿಲಿಲ್ಲ ನೀನು" ಎಂದು ನಕ್ಕರು.

ಕಾರ್ಡ್ ಬಂತು. ಆಮೇಲೆ ಬಹಳ ವರ್ಷ ನೇಯ್ದರು. ಸೀರೆಯನ್ನು ತಾವೇ ಸಂಘಕ್ಕೆ ಒಯ್ಯುತ್ತಿದ್ದರು. ಅಂಚು ಹೊಗಳಿಸಿಕೊಂಡು ಬಂದ ದಿನ ಮಾವನ ಫೋಟೋದ ಮುಂದೆ ನಿಂತು ಒಂದೂ ಬಿಡದೆ ಹೇಳುತ್ತಿದ್ದರು. ಹೊರಗಿನವರು ಬಂದರೂ ಮಗ್ಗದಿಂದ ಏಳುತ್ತಿರಲಿಲ್ಲ. ನನ್ನನ್ನೂ ಕೂತಲ್ಲಿಂದಲೇ "ಬಾ ಕೂಸೇ, ಕಾಪಿ ನೀನೇ ಕಾಯುಸ್ಕೊ" ಎನ್ನುತ್ತಿದ್ದರು. ಆ ಮಾತು ನನಗೆ ಎಷ್ಟು ಇಷ್ಟವಾಗಿತ್ತು ಎಂದು ಅವರಿಗೆ ಹೇಳಲಿಲ್ಲ. ತಪ್ಪಾಯಿತು ಎಂದೂ ಯಾವತ್ತೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿದೆಯಲ್ಲ ಎಂದು ಬಿಟ್ಟೆ... ಹೇಳಬೇಕಿತ್ತು.

ಹೋದ ವರ್ಷ ಅವರು ಹೋದರು. ಆಗ ನಾನು ಊರಲ್ಲಿರಲಿಲ್ಲ. ಮೊನ್ನೆ ಟೈಲ್ಸ್ ಕೆಲಸ ನೋಡಲು ಬಂದಿದ್ದ ಅವರ ಮಗಳು, ಮರಣ ಪತ್ರ ಮಾಡಿಸಿದ ದಿನದ್ದನ್ನು ಹೇಳಿದಳು. ಸತ್ತವರು ಏನು ಕೆಲಸ ಮಾಡುತ್ತಿದ್ದರು ಎಂದು ಅಲ್ಲಿ ಕೇಳಿದರಂತೆ. "ಮನೇಲಿದ್ರು ಅಂದ್ಬುಟ್ಟೆ ಕಣಕ್ಕ. ಆ ಅಳುವಲ್ಲಿ ಬಾಯ್ಗೆ ಅದೇ ಬಂತು" ಎಂದು ಕಣ್ಣೊರೆಸಿಕೊಂಡಳು. ಅವಳನ್ನು ಅನ್ನಲು ನನಗೆ ಯಾವ ಬಾಯಿ ಇದೆ? ಅತ್ತೆಮ್ಮನ ನೇಕಾರ ಕಾರ್ಡನ್ನು ಇಬ್ಬರೂ ಹುಡುಕಿದೆವು, ಸಿಗಲಿಲ್ಲ.

ಪಾದುಕೆ ಈಗ ನನ್ನ ಮೇಜಿನ ಕೆಳಗಿದೆ. ಇವತ್ತು ಬೆಳಿಗ್ಗೆ ಕಾಲಿಟ್ಟು ನೋಡಿದೆ. ನನ್ನ ಪಾದ ಆ ಗುಳಿಯಲ್ಲಿ ಕೂರುವುದಿಲ್ಲ, ದೊಡ್ಡದು. ಕಾಲು ಪಕ್ಕಕ್ಕೆ ತೆಗೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಕೇಳುವವರು ಯಾರೂ ಇಲ್ಲದಿದ್ದರೂ, ಆ ಜಾಗ ಮತ್ತೆ ಖಾಲಿ ಉಳಿಯಬಾರದೆಂದು. ಅತ್ತೆಮ್ಮ ನೇಯುತ್ತಿದ್ದರು.