ಎಲೆಯಿಲ್ಲದ ಮರಕ್ಕೆ ತೋರಣ

ಮಗಳ ಗೃಹಪ್ರವೇಶಕ್ಕೆ ನಾನೇ ಆಯಿಲ್ ಪೇಂಟಿಂಗ್ ಮಾಡಿಕೊಡುತ್ತೇನೆ ಎಂದಾಗ ಎಲ್ಲರೂ ಗಣಪತಿಯನ್ನೇ ನಿರೀಕ್ಷಿಸಿದ್ದರು. ನಾನು ಹಿಮ ಬರೆದೆ. ಮುಂದೆ ಎಲೆಯುದುರಿದ ಒಂದು ಮರ, ಅದರಾಚೆ ಬೆಟ್ಟದ ಹಿಂದೆ ಬೆಟ್ಟ.

ಕೋವಿಡ್ ಚಳಿಗಾಲದಲ್ಲಿ ನನ್ನ ಗಂಡ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿದ್ದರು. ನನ್ನನ್ನು ಒಳಗೆ ಬಿಡಲಿಲ್ಲ. ನಾವಿದ್ದ ಕಾರ್ಲ್ಸ್‌ಬಾಡ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿ ಪಾರ್ಕಿಂಗ್ ಕಟ್ಟಡದ ಮೇಲಂತಸ್ತಿನಲ್ಲಿ ಕಾರು ನಿಲ್ಲಿಸಿ ಕೂರುತ್ತಿದ್ದೆ. ಎದುರಿಗೆ ಒಂದು ಬೋಳು ಸಿಕಮೋರ್ ಮರ, ದೂರದಲ್ಲಿ ಹಿಮ ಹೊದ್ದ ಬೆಟ್ಟಸಾಲು. ಅವರ ಕಿಟಕಿಯೂ ಅದೇ ದಿಕ್ಕಿಗಿತ್ತು.

ಅದನ್ನು ಬರೆಯುವುದು ಸುಲಭವಾಗಲಿಲ್ಲ. ಮೈಸೂರಿನಲ್ಲಿ ರಂಗೋಲಿ ಹಾಕಿ ಪಳಗಿದ ಕೈ ನನ್ನದು. ಮೊದಲು ಗೆರೆ ಎಳೆದು, ಒಳಗೆಲ್ಲ ಗಾಢ ಬಣ್ಣ ತುಂಬಿಬಿಟ್ಟೆ. ದೂರದ ಬೆಟ್ಟ ಮರದ ಪಕ್ಕಕ್ಕೇ ಬಂದು ಕೂತಿತು. ಸಿಟ್ಟು ಬಂದು ಎಲ್ಲ ಒರೆಸಿದೆ. ಮತ್ತೆ ಬರೆದಾಗ ದೂರ ಹೋದಷ್ಟೂ ಬಣ್ಣ ತೆಳುವಾಗಿಸಿ, ನೀಲಿ ಬೆರೆಸಿ, ಕಡೆಯ ಬೆಟ್ಟದ ಅಂಚನ್ನು ಒಣ ಬ್ರಷ್‌ನಿಂದ ಆಕಾಶದೊಳಕ್ಕೆ ಸವರಿದೆ. ಆಗ ಗಾಳಿ ಬಂತು, ದೂರ ಬಂತು.

ಮೈಸೂರಿನಿಂದ ಬಂದಿದ್ದ ಅತ್ತಿಗೆ, ನನ್ನ ಗಂಡನ ಅಕ್ಕ, ಚಿತ್ರ ನೋಡಿ ಮುಖ ಗಂಟಿಕ್ಕಿದರು. ಶುಭದ ಮನೆಗೆ ಒಣಮರ ಯಾಕೆ, ನಾಲ್ಕು ಹಸಿರೆಲೆ ಬರೆದುಬಿಡು ಎಂದರು. ಆಗುವುದಿಲ್ಲ ಎಂದೆ.

ಗೃಹಪ್ರವೇಶದ ಬೆಳಿಗ್ಗೆ ಹಾಲ್‌ಗೆ ಹೋದರೆ ನನ್ನ ಚಿತ್ರದ ಮೇಲೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ! ಮರ ಪೂರ್ತಿ ಮುಚ್ಚಿಹೋಗಿತ್ತು. ಹಾಲುಕ್ಕಿಸುವಾಗ ಗಂಡನಿಲ್ಲದ ನಾನು ಸ್ವಲ್ಪ ಹಿಂದೆ ನಿಲ್ಲಬೇಕೆಂದು ಅತ್ತಿಗೆಯಿಂದ ಆಗಲೇ ಸೂಚನೆ ಬಂದಿತ್ತು. ನಾನು ಹಿಂದೆ, ಮರವೂ ಹಿಂದೆ! ಮೈ ಉರಿದುಹೋಯಿತು. ನೆಂಟರೆದುರೇ ಕುರ್ಚಿ ಹತ್ತಿ ತೋರಣ ಬಿಚ್ಚಿದೆ.

"ಅಪಶಕುನ ಕಣೇ," ಎಂದರು ಅತ್ತಿಗೆ.

"ನಿಮ್ಮ ತಮ್ಮ ಕೊನೇದಾಗಿ ನೋಡಿದ್ದು ಇದನ್ನೇ ಅತ್ತಿಗೆ. ಇದಕ್ಕೆ ನಾನು ಹಸಿರು ಹಚ್ಚಲ್ಲ, ಹಚ್ಚೋಕೆ ಬಿಡೋದೂ ಇಲ್ಲ."

ಮಗಳು ಬಂದು ನನ್ನ ಕುರ್ಚಿ ಹಿಡಿದುಕೊಂಡಳು. "ಲೀವ್ ಇಟ್, ಅತ್ತೆ. ಇಟ್ ಸ್ಟೇಸ್," ಎಂದಳು.

ಅತ್ತಿಗೆ ಚಿತ್ರದ ಹತ್ತಿರಕ್ಕೆ ಬಂದು ಬಹಳ ಹೊತ್ತು ನೋಡಿದರು. "ಅವನು ಎಲ್ಲಿದ್ದ?" ಎಂದು ಕೇಳಿದರು.

"ಈಗ ನೀವು ನಿಂತಿದ್ದೀರಲ್ಲ, ಅಲ್ಲೇ, ಕಿಟಕಿಯ ಈಚೆ."

ಅವರು ಅಲ್ಲಿಂದ ಕದಲಲಿಲ್ಲ. ನಾನು ಕುರ್ಚಿಯಿಂದ ಇಳಿದು, ತೋರಣವನ್ನು ಮುಂಬಾಗಿಲಿಗೆ ಕಟ್ಟಿ, ಹಾಲುಕ್ಕಿಸಲು ಒಲೆಯ ಮುಂದೆ ಹೋಗಿ ನಿಂತೆ.